ಒಂಬತ್ತು ಮತಗಳ ಅಂತರ: 1840ರ ಅಫೀಮು ಯುದ್ಧದಲ್ಲಿ ನೈತಿಕ ಪ್ರಶ್ನೆ ಕೈತಪ್ಪಿದ ಬಗೆ

ಬ್ರಿಟನ್ನಿನ ಕಾಮನ್ಸ್ ಸಭೆ 1840ರ ಏಪ್ರಿಲ್ 7ರಿಂದ ಮೂರು ರಾತ್ರಿ ಚೀನಾದ ವಿಚಾರ ಚರ್ಚಿಸಿತು. ಕೊನೆಗೆ ಮತ ಎಣಿಸಿದಾಗ ಸರ್ಕಾರದ ಕಡೆ 271, ಎದುರು 262. ಚೀನಾಕ್ಕೆ ಪಡೆ ಕಳಿಸುವ ಆದೇಶ ಅಷ್ಟು ಹೊತ್ತಿಗೆ ಹೊರಟು ತಿಂಗಳುಗಳೇ ಕಳೆದಿದ್ದವು.

ಅಂದು ಬ್ರಿಟನ್ನಿನ ಆತ್ಮಸಾಕ್ಷಿ ಒಂಬತ್ತು ಮತಗಳಿಂದ ಸೋತಿತು ಎಂದು ಹೇಳುವ ರೂಢಿ ಇದೆ. ನಿರ್ಣಯದ ಮಾತುಗಳನ್ನು ಓದಿದರೆ ಹಾಗನ್ನಿಸುವುದಿಲ್ಲ. ಅಫೀಮು ಮಾರುವುದು ಸರಿಯೇ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಯುದ್ಧ ಬೇಕೇ ಬೇಡವೇ ಎಂಬುದೂ ಇರಲಿಲ್ಲ. ವಿರೋಧ ಪಕ್ಷದ ಸರ್ ಜೇಮ್ಸ್ ಗ್ರಹಾಂ ಮಂಡಿಸಿದ ನಿರ್ಣಯ ದೂರಿದ್ದು ಸರ್ಕಾರದ ಮುಂದಾಲೋಚನೆಯ ಕೊರತೆಯನ್ನು. ಚೀನಾದ ಕ್ಯಾಂಟನ್ ಬಂದರಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗೆ ಕಳ್ಳಸಾಗಣೆ ತಡೆಯಲು ಬೇಕಾದ ಅಧಿಕಾರವನ್ನೂ ಸೂಚನೆಯನ್ನೂ ಕೊಡಲಿಲ್ಲ ಎಂಬುದಷ್ಟೇ ಆಕ್ಷೇಪ. ನೈತಿಕ ಪ್ರಶ್ನೆ ಭಾಷಣಗಳಲ್ಲಿ ಮೊಳಗಿತು, ಮತಕ್ಕೆ ಬರಲಿಲ್ಲ. ಅದು ಮತಕ್ಕೆ ಬಾರದಂತೆ ಆದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ, ಯುರೋಪಿನ ಸಾಮ್ರಾಜ್ಯಗಳು ತಮ್ಮೊಳಗಿನ ವಿರೋಧವನ್ನು ಹೇಗೆ ಅರಗಿಸಿಕೊಂಡವು ಎಂಬುದು ಅರ್ಥವಾಗುತ್ತದೆ.

ಚಹಾ, ಬೆಳ್ಳಿ, ಗಸಗಸೆ

ಮೊದಲು ಚಹಾ. 1784ರಲ್ಲಿ ಬ್ರಿಟನ್ ಚಹಾದ ಮೇಲಿನ ಸುಂಕವನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿತು. ಕಳ್ಳಚಹಾದ ದಂಧೆ ಬಿದ್ದುಹೋಯಿತು, ಬಡವರ ಮನೆಯಲ್ಲೂ ಚಹಾ ಕುದಿಯತೊಡಗಿತು. ಜನಕ್ಕೆ ರುಚಿ ಹತ್ತಿದ ಮೇಲೆ ಸುಂಕ ಮತ್ತೆ ಏರುತ್ತಾ ಹೋಗಿ ಶೇ 100 ಮುಟ್ಟಿತು. 1830ರ ಹೊತ್ತಿಗೆ ಬ್ರಿಟಿಷ್ ಬೊಕ್ಕಸದ ಆದಾಯದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಚಹಾದ ಸುಂಕ. ಆ ಚಹಾ ಸಿಗುತ್ತಿದ್ದುದು ಚೀನಾದಲ್ಲಿ ಮಾತ್ರ, ಅದೂ ಕ್ಯಾಂಟನ್ ಎಂಬ ಒಂದೇ ಬಂದರಿನಲ್ಲಿ, ಸರ್ಕಾರದ ಪರವಾನಗಿ ಪಡೆದ ‘ಹಾಂಗ್’ ವರ್ತಕರ ಕೈಯಿಂದ. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಅಲ್ಲಿ ಗಿರಾಕಿ ಕಡಿಮೆ. ಹಾಗಾಗಿ ಬೆಲೆಯನ್ನು ಬೆಳ್ಳಿಯಲ್ಲೇ ತೆರಬೇಕಿತ್ತು.

ಆ ಬೆಳ್ಳಿಯನ್ನು ಉಳಿಸಿದ್ದು ಗಸಗಸೆ ಗಿಡ. ನಮ್ಮಲ್ಲಿ ಪಾಯಸಕ್ಕೆ ಅರೆಯುವ ಗಸಗಸೆ ಈ ಗಿಡದ್ದೇ ಬೀಜ. ಬೀಜದಲ್ಲಿ ಅಮಲಿಲ್ಲ, ಅಮಲಿರುವುದು ಹಸಿಕಾಯಿ ಗೀರಿದಾಗ ಒಸರುವ ಹಾಲಿನಲ್ಲಿ. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ತಂದ. ಮುಂದೆ ಬಿಹಾರದ ಪಟ್ನಾ ಮತ್ತು ಬನಾರಸ್ ಸೀಮೆಯ ಘಾಜಿಪುರಗಳಲ್ಲಿ ಕಂಪನಿಯ ಎರಡು ಅಫೀಮು ಏಜೆನ್ಸಿಗಳು ನೆಲೆಯೂರಿದವು.

ಕೆಲಸ ನಡೆಯುತ್ತಿದ್ದುದು ಹೀಗೆ. ರೈತನಿಗೆ ಲೈಸೆನ್ಸು, ಜೊತೆಗೆ ಮುಂಗಡ ಹಣ. ಬೆಳೆದ ಅಷ್ಟೂ ಹಾಲನ್ನು ಕಂಪನಿ ಗೊತ್ತು ಮಾಡಿದ ದರಕ್ಕೆ ಕಂಪನಿಗೇ ಒಪ್ಪಿಸಬೇಕು. ನವೆಂಬರಿನಲ್ಲಿ ಬಿತ್ತನೆ. ಫೆಬ್ರವರಿ–ಮಾರ್ಚಿನಲ್ಲಿ ದಳ ಉದುರಿ ಕಾಯಿ ಬಲಿತ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ‘ನಶ್ತರ್’ ಎಂಬ ಸಣ್ಣ ಗೀರುಕತ್ತಿಯಿಂದ ಕಾಯಿಯ ಮೈಯನ್ನು ಉದ್ದಕ್ಕೆ ಗೀರುತ್ತಾರೆ. ಗೀರು ಆಳವಾದರೆ ಹಾಲು ಕಾಯಿಯೊಳಗೇ ಸೋರಿ ಹಾಳು. ಮೇಲುಮೇಲೆ ಗೀರಿದರೆ ಒಸರುವುದೇ ಇಲ್ಲ. ರಾತ್ರಿಯಿಡೀ ಒಸರಿ ಕಂದುಗಟ್ಟಿದ ಅಂಟನ್ನು ಬೆಳಗ್ಗೆ ಕಬ್ಬಿಣದ ಪುಟ್ಟ ಸೌಟಿನಂಥದರಿಂದ ಕೆರೆದು ಕೂಡಿಡುತ್ತಾರೆ. ಗೀರಿದ ರಾತ್ರಿ ಮಳೆ ಬಂತೋ, ಆ ಗೀರಿನ ಫಸಲು ಹೋಯಿತು. ಒಂದೊಂದು ಕಾಯಿಯನ್ನೂ ಕೆಲವು ದಿನ ಬಿಟ್ಟು ಬಿಟ್ಟು ಹಲವು ಸಲ ಗೀರಬೇಕು. ಮನೆಮಂದಿಯೆಲ್ಲ ಹೊಲದಲ್ಲಿ ಇಲ್ಲದೆ ಈ ಬೆಳೆ ಕೈಗೆ ಬರುವುದಿಲ್ಲ.

ಉದುರಿದ ದಳವೂ ವ್ಯರ್ಥವಲ್ಲ. ಕಾದ ಮಣ್ಣಿನ ಹೆಂಚಿನ ಮೇಲೆ ಒತ್ತಿ ತೆಳು ರೊಟ್ಟಿಯಂತೆ ಮಾಡಿದರೆ, ಕಾರ್ಖಾನೆಯಲ್ಲಿ ಅಫೀಮಿನ ಉಂಡೆಗೆ ಅದೇ ಹೊದಿಕೆ. ಹಿತ್ತಾಳೆಯ ಬಟ್ಟಲಲ್ಲಿ ದಳದ ಪದರುಗಳನ್ನು ಕೀಳು ದರ್ಜೆಯ ಅಫೀಮಿನ ಅಂಟಿನಿಂದ ಒಂದರ ಮೇಲೊಂದು ಹಚ್ಚಿ, ನಡುವೆ ಒಳ್ಳೆಯ ಮಾಲು ತುಂಬಿ ಮುಚ್ಚಿದರೆ ತೋಪಿನ ಗುಂಡಿನಷ್ಟು ದಪ್ಪದ ಉಂಡೆ. ತಿಂಗಳುಗಟ್ಟಲೆ ಹಲಗೆಗಳ ಮೇಲೆ ಒಣಗಿಸಿ, ಪೆಟ್ಟಿಗೆಗೆ ನಲವತ್ತರಂತೆ ಎರಡು ಅಂಕಣದಲ್ಲಿ ಜೋಡಿಸುತ್ತಿದ್ದರು. ಒಂದು ಪೆಟ್ಟಿಗೆಯ ಮಾಲು ಅರವತ್ತರಿಂದ ಎಪ್ಪತ್ತು ಕಿಲೋ. ಮೇಲೆ ಕಂಪನಿಯ ಮೊಹರು. ಚೀನಾದ ಸಗಟು ವ್ಯಾಪಾರಿ ಆ ಮೊಹರು ನೋಡಿ, ಪೆಟ್ಟಿಗೆ ಬಿಚ್ಚದೆ ಬೆಲೆ ಹೇಳುತ್ತಿದ್ದ. ಕಳ್ಳಸಾಗಣೆಯ ಸರಕಿಗೆ ಸರ್ಕಾರವೇ ಗುಣಮಟ್ಟದ ಜಾಮೀನು ನಿಂತ ಬಗೆ ಇದು.

ಚೀನಾ 1729ರಲ್ಲೇ ಸೇದಲು ಅಫೀಮು ಮಾರುವುದನ್ನು ನಿಷೇಧಿಸಿತ್ತು. ಆ ಶತಮಾನದ ಕೊನೆಗೆ ಆಮದೂ ನಿಷಿದ್ಧವಾಯಿತು. ಚಹಾದ ವ್ಯಾಪಾರ ಕೆಡದಂತೆ ಕಂಪನಿ ಒಂದು ದಾರಿ ಕಂಡುಕೊಂಡಿತು. ತನ್ನ ಹಡಗುಗಳಲ್ಲಿ ಅಫೀಮು ಒಯ್ಯುವುದನ್ನು ನಿಲ್ಲಿಸಿತು. ಕಲ್ಕತ್ತೆಯಲ್ಲಿ ಹರಾಜು ಹಾಕಿ ಖಾಸಗಿ ವರ್ತಕರಿಗೆ ಮಾರಿತು. ಅವರು ಕ್ಯಾಂಟನ್ ನದೀಮುಖದ ಲಿಂಟಿನ್ ದ್ವೀಪದ ಬಳಿ ಲಂಗರು ಹಾಕಿದ ಹಡಗುಗಳನ್ನೇ ಗೋದಾಮು ಮಾಡಿಕೊಂಡರು. ಚೀನೀ ದಲ್ಲಾಳಿಗಳು ಮುಂಚಿತವಾಗಿ ಬೆಳ್ಳಿ ಕಟ್ಟಿ, ಚೀಟಿ ತೋರಿಸಿ, ಹುಟ್ಟುಗಳ ವೇಗದ ದೋಣಿಗಳಲ್ಲಿ ಮಾಲು ಎತ್ತಿಕೊಂಡು ಹೋಗುತ್ತಿದ್ದರು. ವರ್ತಕ ಆ ಬೆಳ್ಳಿಯನ್ನು ಕ್ಯಾಂಟನ್‌ನಲ್ಲಿದ್ದ ಕಂಪನಿಯ ಖಜಾನೆಗೆ ಕಟ್ಟಿ ಲಂಡನ್ ಇಲ್ಲವೆ ಕಲ್ಕತ್ತೆಯ ಮೇಲೆ ಹುಂಡಿ ಪಡೆಯುತ್ತಿದ್ದ. ಕಂಪನಿ ಅದೇ ಬೆಳ್ಳಿಯಿಂದ ಚಹಾ ಕೊಳ್ಳುತ್ತಿತ್ತು. ಪಟ್ನಾದ ರೈತ, ಕಲ್ಕತ್ತೆಯ ಹರಾಜು, ಲಿಂಟಿನ್, ಕ್ಯಾಂಟನ್, ಲಂಡನ್ನಿನ ಸುಂಕದ ಕಟ್ಟೆ: ಈ ಸರಪಳಿಯ ಯಾವ ಕೊಂಡಿಯಲ್ಲೂ ‘ನಾನೇ ಚೀನಾಕ್ಕೆ ಅಫೀಮು ತುಂಬಿಸಿದೆ’ ಎಂದು ಒಪ್ಪಿಕೊಳ್ಳಬೇಕಾದವರು ಯಾರೂ ಇರಲಿಲ್ಲ.

ಇದರ ಜೊತೆಗೆ ಮಾಳವದ ಅಫೀಮು. ಅದು ಬೆಳೆಯುತ್ತಿದ್ದುದು ದೇಶೀಯ ಸಂಸ್ಥಾನಗಳಲ್ಲಿ, ಕಂಪನಿಯ ಏಕಸ್ವಾಮ್ಯದ ಹೊರಗೆ. ತಡೆಯಲು ನೋಡಿ ಸೋತ ಕಂಪನಿ 1830ರ ಸುಮಾರಿಗೆ ಅದನ್ನು ಬೊಂಬಾಯಿ ಮೂಲಕ ಹಾಯಲು ಬಿಟ್ಟು, ಪೆಟ್ಟಿಗೆಗೆ ಇಷ್ಟೆಂದು ರಹದಾರಿ ಸುಂಕ ಹಾಕಿತು. ಜಮ್ಷೇಡ್ಜಿ ಜೀಜೀಭಾಯಿಯಂಥ ಬೊಂಬಾಯಿಯ ವರ್ತಕರ ಸಂಪತ್ತು ಬೆಳೆದದ್ದು ಈ ದಾರಿಯಲ್ಲಿ. ನಾವು ಇದನ್ನು ಮರೆಯಬಾರದು. ಲಾಭದಲ್ಲಿ ಭಾರತೀಯರ ಕೈಯೂ ಇತ್ತು. 1834ರಲ್ಲಿ ಚೀನಾ ವ್ಯಾಪಾರದ ಮೇಲಿನ ಕಂಪನಿಯ ಏಕಸ್ವಾಮ್ಯ ರದ್ದಾಗಿ ಖಾಸಗಿ ಹಡಗುಗಳು ಮುಗಿಬಿದ್ದವು. 1800ರ ಹೊತ್ತಿಗೆ ವರ್ಷಕ್ಕೆ ನಾಲ್ಕೈದು ಸಾವಿರ ಪೆಟ್ಟಿಗೆ ಇದ್ದದ್ದು 1838ರಲ್ಲಿ 40,000ದ ಹತ್ತಿರ ಮುಟ್ಟಿತು.

ಬೀಜಿಂಗಿನಲ್ಲಿ ಮೊದಲು ನಡೆದ ಚರ್ಚೆ

ಈ ವಿಷಯದ ನೈತಿಕ ಚರ್ಚೆ ಎಂದರೆ ಲಂಡನ್ ಎಂದೇ ಬರೆಯುತ್ತಾರೆ. ಅದಕ್ಕೂ ಮುಂಚೆ ಅದು ಬೀಜಿಂಗಿನಲ್ಲಿ ನಡೆದಿತ್ತು, ಹೆಚ್ಚು ನೇರವಾಗಿ.

ಚೀನಾದಲ್ಲಿ ಕೂಲಿಗೂ ಸಂತೆಗೂ ತಾಮ್ರದ ಕಾಸು, ಕಂದಾಯಕ್ಕೆ ಬೆಳ್ಳಿಯ ಲೆಕ್ಕ. ಒಂದು ತೈಲ್ (ಚೀನೀ ತೂಕ, ಸುಮಾರು 37 ಗ್ರಾಂ) ಬೆಳ್ಳಿಗೆ ಸಾವಿರ ಕಾಸು ಎಂಬುದು ಹಳೆಯ ಲೆಕ್ಕಾಚಾರ. ಬೆಳ್ಳಿ ಹೊರಹರಿದಂತೆ ಅದು 1838ರ ವೇಳೆಗೆ 1,600 ಕಾಸು ದಾಟಿತು. ಅಫೀಮಿನ ಚಿಲುಮೆ ಕಣ್ಣಲ್ಲಿ ಕಾಣದ ಹಳ್ಳಿಯ ರೈತನೂ ಅದೇ ಕಂದಾಯಕ್ಕೆ ಒಂದೂವರೆ ಪಟ್ಟಿಗೂ ಹೆಚ್ಚು ಕಾಸು ಎಣಿಸಬೇಕಾಯಿತು. ಬೆಳ್ಳಿಯ ಬೆಲೆ ಏರಲು ಬೇರೆ ಕಾರಣಗಳೂ ಇದ್ದವೆಂದು ಆರ್ಥಿಕ ಇತಿಹಾಸಕಾರರು ವಾದಿಸುತ್ತಾರೆ. ಆಸ್ಥಾನದ ಅಧಿಕಾರಿಗಳಿಗೆ ಕಂಡದ್ದು ಮಾತ್ರ ಅಫೀಮು.

1836ರಲ್ಲಿ ಶು ನೈಜಿ ಎಂಬ ಅಧಿಕಾರಿ, ನಿಷೇಧ ಸೋತಿದೆ, ಅಫೀಮನ್ನು ಕಾನೂನುಬದ್ಧ ಮಾಡಿ ಸುಂಕ ಹಾಕೋಣ, ಬೆಳ್ಳಿಗೆ ಬದಲು ಸರಕಿನ ವಿನಿಮಯಕ್ಕಷ್ಟೇ ಬಿಡೋಣ ಎಂದು ಚಕ್ರವರ್ತಿಗೆ ಬರೆದ. 1838ರಲ್ಲಿ ಹುವಾಂಗ್ ಜುಯೆಜಿ ಇದಕ್ಕೆ ತೀರ ಎದುರಾದ ಸಲಹೆ ಕೊಟ್ಟ: ಸೇದುವವರಿಗೆ ಚಟ ಬಿಡಲು ಒಂದು ವರ್ಷದ ಗಡುವು, ಆಮೇಲೂ ಬಿಡದಿದ್ದರೆ ಮರಣದಂಡನೆ. ಡಾವೊಗ್ವಾಂಗ್ ಚಕ್ರವರ್ತಿ ಇದನ್ನು ಪ್ರಾಂತಗಳ ಮುಖ್ಯಸ್ಥರಿಗೆ ಕಳಿಸಿ ಅಭಿಪ್ರಾಯ ಕೇಳಿದ. ಸೇದುವವನನ್ನು ಕೊಲ್ಲುವುದಕ್ಕೆ ಬಹುಪಾಲು ಜನ ಒಪ್ಪಲಿಲ್ಲ. ಮಾಲು ತರುವವರನ್ನು, ಮಾರುವವರನ್ನು ಹಿಡಿಯಿರಿ ಎಂದರು. ದಂಡನೆಯನ್ನು ಬೆಂಬಲಿಸಿದ ಕೆಲವರಲ್ಲಿ ಒಬ್ಬ ಲಿನ್ ಝೆಷು. ಚಟ ಬಿಡಿಸುವ ಔಷಧಗಳ ಪಟ್ಟಿಯನ್ನೂ ಅವನು ತನ್ನ ಪತ್ರಕ್ಕೆ ಸೇರಿಸಿದ್ದ. ಚಕ್ರವರ್ತಿ ಅವನನ್ನೇ ವಿಶೇಷ ಕಮಿಷನರ್ ಮಾಡಿ ಕ್ಯಾಂಟನ್‌ಗೆ ಕಳಿಸಿದ.

ಎಲಿಯಟ್ ಮಾಡಿದ ಒಂದು ಘೋಷಣೆ

ಲಿನ್ 1839ರ ಮಾರ್ಚ್ 10ರಂದು ಕ್ಯಾಂಟನ್ ತಲುಪಿದ. 18ರಂದು ಆಜ್ಞೆ ಹೊರಟಿತು: ಮೂರು ದಿನದೊಳಗೆ ಇರುವ ಅಫೀಮನ್ನೆಲ್ಲ ಒಪ್ಪಿಸಿ, ಇನ್ನು ಮುಂದೆ ತಂದರೆ ಮಾಲು ಜಪ್ತಿ, ತಂದವನಿಗೆ ಮರಣದಂಡನೆ ಎಂದು ಒಪ್ಪಿ ಮುಚ್ಚಳಿಕೆ ಬರೆದುಕೊಡಿ. ವಿದೇಶಿ ವರ್ತಕರು ಕಾಟಾಚಾರಕ್ಕೆ 1,036 ಪೆಟ್ಟಿಗೆ ಕೊಡುತ್ತೇವೆಂದರು. ಲಿನ್ ಒಪ್ಪಲಿಲ್ಲ. ದೊಡ್ಡ ವರ್ತಕ ಲ್ಯಾನ್ಸಲಾಟ್ ಡೆಂಟ್‌ನನ್ನು ವಶಕ್ಕೆ ಕೇಳಿದ. 24ರಂದು ಬ್ರಿಟಿಷ್ ವ್ಯಾಪಾರ ಅಧೀಕ್ಷಕ ಕ್ಯಾಪ್ಟನ್ ಚಾರ್ಲ್ಸ್ ಎಲಿಯಟ್ ಕ್ಯಾಂಟನ್‌ಗೆ ಧಾವಿಸಿ ಬಂದು, ವಿದೇಶಿಯರ ಕೋಠಿಯ ಮೇಲೆ ಬಾವುಟ ಏರಿಸಿದ. ಅದೇ ದಿನ ಲಿನ್ ಕೋಠಿಗಳಿಗೆ ದಿಗ್ಬಂಧನ ಹಾಕಿದ. ಒಳಗೆ ಸುಮಾರು 350 ವಿದೇಶಿಯರು. ಚೀನೀ ಆಳುಗಳೆಲ್ಲ ಹೊರಗೆ. ಒಳಗಿದ್ದವರು ಅಡುಗೆ, ಕಸಗುಡಿಕೆ ತಾವೇ ಮಾಡಿಕೊಳ್ಳಬೇಕಾಯಿತು. ಹೊಟ್ಟೆಗೆ ಕೊರತೆಯಾಗಲಿಲ್ಲ.

ಇಲ್ಲಿ ಲಿನ್ ಒಂದು ತಪ್ಪು ಮಾಡಿದ. ಅಫೀಮಿಗೆ ಕೈ ಹಾಕದವರನ್ನೂ ಅವನು ಕೂಡಿಹಾಕಿದ. ಅಫೀಮು ಮುಟ್ಟುವುದಿಲ್ಲವೆಂದೇ ಹೆಸರಾಗಿದ್ದ ಅಮೆರಿಕದ ಓಲಿಫಂಟ್ ಕಂಪನಿಯವರೂ ಒಳಗೇ ಉಳಿದರು. ‘ನಿರಪರಾಧಿಗಳನ್ನು ಒತ್ತೆಯಿಟ್ಟರು’ ಎಂಬ ವಾದಕ್ಕೆ ಲಂಡನ್ನಿನಲ್ಲಿ ಆಧಾರ ಸಿಕ್ಕಿದ್ದು ಇದರಿಂದ.

ಎಲಿಯಟ್ ಮಾಡಿದ ತಪ್ಪು ಇನ್ನೂ ದೊಡ್ಡದು. ಮಾರ್ಚ್ 27ರಂದು ಅವನು, ಬ್ರಿಟಿಷ್ ಪ್ರಜೆಗಳೆಲ್ಲರೂ ತಮ್ಮ ಅಫೀಮನ್ನು ರಾಣಿಯ ಸರ್ಕಾರದ ಸೇವೆಗಾಗಿ ತನಗೆ ಒಪ್ಪಿಸಬೇಕು, ಸರ್ಕಾರದ ಪರವಾಗಿ ತಾನು ಹೊಣೆ ಎಂದು ಘೋಷಿಸಿದ. ಖಜಾನೆಯನ್ನು ಹೀಗೆ ಕಟ್ಟಿಹಾಕುವ ಅಧಿಕಾರ ಅವನಿಗೆ ಇರಲಿಲ್ಲ. ಆದರೂ ಆ ಗಳಿಗೆಯಿಂದ ಕಳ್ಳಸಾಗಣೆಯ ದಾಸ್ತಾನು ಬ್ರಿಟಿಷ್ ಸರ್ಕಾರದ ಸಾಲವಾಯಿತು. ವರ್ತಕರು ತಕರಾರಿಲ್ಲದೆ ಒಪ್ಪಿಸಿದರು. ಹಿಂದಿನ ವರ್ಷದ ಕೊನೆಯಿಂದಲೇ ಚೀನೀ ಅಧಿಕಾರಿಗಳ ಬಿಗಿಯಿಂದ ಮಾರಾಟ ನಿಂತುಹೋಗಿತ್ತು, ಮಾಲು ಕೊಳ್ಳುವವರಿರಲಿಲ್ಲ. ಬ್ರಿಟಿಷ್ ಸರ್ಕಾರಕ್ಕಿಂತ ಭದ್ರವಾದ ಗಿರಾಕಿ ಯಾರಿದ್ದರು? ಬರೆಸಿದ ಲೆಕ್ಕ 20,283 ಪೆಟ್ಟಿಗೆ. ಕೈಯಲ್ಲಿದ್ದದ್ದಕ್ಕಿಂತ ಬರೆಸಿದ್ದೇ ಹೆಚ್ಚು. ಬೆಲೆ 20 ಲಕ್ಷ ಪೌಂಡಿಗೂ ಮೇಲೆ.

ಇದೇ ಎಲಿಯಟ್ ಅದೇ ವರ್ಷ ನವೆಂಬರಿನಲ್ಲಿ ವಿದೇಶಾಂಗ ಮಂತ್ರಿ ಪಾಮರ್ಸ್ಟನ್‌ಗೆ ಬರೆದ ಪತ್ರದಲ್ಲಿ, ಚೀನೀ ಕರಾವಳಿಯ ಈ ದಂಧೆಯ ಅವಮಾನ ಮತ್ತು ಪಾಪದ ಬಗ್ಗೆ ತನಗಿಂತ ಹೆಚ್ಚು ಹೇಸಿಗೆ ಪಡುವವರಿಲ್ಲ, ಇದಕ್ಕೂ ಕಡಲ್ಗಳ್ಳತನಕ್ಕೂ ಹೆಚ್ಚು ವ್ಯತ್ಯಾಸ ಕಾಣೆ ಎಂದಿದ್ದಾನೆ. ಅವನು ಮನಸ್ಸಿಟ್ಟೇ ಬರೆದ ಮಾತಿದು ಎಂದು ನಂಬಬಹುದು. ಯುದ್ಧಕ್ಕೆ ಕಾರಣವಾದ ಸಾಲಪತ್ರಕ್ಕೆ ರುಜು ಹಾಕಿದ್ದು ಅಫೀಮನ್ನು ದ್ವೇಷಿಸುತ್ತಿದ್ದ ಮನುಷ್ಯನೇ. ವ್ಯಕ್ತಿಯ ಒಳ್ಳೆಯತನ ಇಂಥ ವ್ಯವಸ್ಥೆಯಲ್ಲಿ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಹ್ಯೂಮೆನ್‌ನ ಹೊಂಡಗಳು

ವಶಪಡಿಸಿಕೊಂಡ ಅಫೀಮನ್ನು ಲಿನ್ ನದೀಮುಖದ ಹ್ಯೂಮೆನ್‌ನಲ್ಲಿ ಇಳಿಸಿಕೊಂಡ. ಸುಟ್ಟರೆ ಕರಗಿದ ಅಫೀಮು ನೆಲಕ್ಕೆ ಇಂಗುತ್ತದೆ, ಆ ಮಣ್ಣು ಅಗೆದು ಮತ್ತೆ ತೆಗೆಯುತ್ತಾರೆ. ಆದ್ದರಿಂದ ಅವನು ಬೇರೆ ವಿಧಾನ ಹಿಡಿದ. ಸುಮಾರು 150 ಅಡಿ ಉದ್ದ, 75 ಅಡಿ ಅಗಲ, 7 ಅಡಿ ಆಳದ ಮೂರು ಹೊಂಡಗಳು. ತಳಕ್ಕೆ ಕಲ್ಲು ಹಾಸು, ಬದಿಗೆ ಮರದ ಹಲಗೆ, ಸುತ್ತ ಬೇಲಿ. ಮೊದಲು ನೀರು ತುಂಬಿ ಉಪ್ಪು ಸುರಿಯುವುದು. ಉಂಡೆಗಳನ್ನು ಚೂರು ಮಾಡಿ ಎಸೆಯುವುದು. ನೆನೆದ ಮೇಲೆ ಸುಣ್ಣ. ಸುಣ್ಣ ಬಿದ್ದೊಡನೆ ಹೊಂಡ ಕುದಿಯತೊಡಗುತ್ತದೆ, ಕೂಲಿಯವರು ಗುದ್ದಲಿ, ಸಲಿಕೆಗಳಿಂದ ಕದಡುತ್ತಲೇ ಇರಬೇಕು. ಕಡಲಿನ ಇಳಿತದ ಹೊತ್ತಿಗೆ ತೂಬು ತೆರೆದು ಹೊಳೆಗೆ ಬಿಟ್ಟು, ಹೊಂಡ ತೊಳೆದು ಮತ್ತೆ ತುಂಬುವುದು. ಮೂರು ಹೊಂಡ ಇದ್ದುದರಿಂದ ಒಂದು ಕುದಿಯುವಾಗ ಇನ್ನೊಂದು ಖಾಲಿಯಾಗುತ್ತಿತ್ತು.

ಜೂನ್ 3ರಂದು ಶುರುವಾದ ಕೆಲಸ ಮೂರು ವಾರಕ್ಕೂ ಮಿಕ್ಕಿ ಹಿಡಿಯಿತು. ಸುಮಾರು 500 ಕೂಲಿಯವರು, ಅವರ ಮೇಲೆ ಕಣ್ಣಿಡಲು ಹತ್ತಾರು ಅಧಿಕಾರಿಗಳು. ಸಾವಿರ ಟನ್ನಿಗೂ ಹೆಚ್ಚು ಮಾಲು. ಮೊದಲೇ ಲಿನ್ ಸಮುದ್ರ ದೇವತೆಗೆ ಪೂಜೆ ಸಲ್ಲಿಸಿ, ಈ ಹೊಲಸನ್ನು ನಿನ್ನ ನೀರಿಗೆ ಬಿಡಬೇಕಾಗಿದೆ, ಜಲಚರಗಳನ್ನು ಕೆಲಕಾಲ ದೂರ ಕಳಿಸು ಎಂದು ಬೇಡಿಕೊಂಡಿದ್ದ. ಅಮೆರಿಕದ ಮಿಷನರಿ ಎಲೈಜಾ ಬ್ರಿಜ್ಮನ್ ಬಂದು ನೋಡಿ, ಕೆಲಸ ನಡೆದ ಅಚ್ಚುಕಟ್ಟಿಗೆ ಬೆರಗಾಗಿ ಬರೆದ. ಚೀನೀಯರು ಕದ್ದು ಮಾರಿಕೊಳ್ಳುತ್ತಾರೆ ಎಂದು ವರ್ತಕರು ಆಡುತ್ತಿದ್ದ ಮಾತಿಗೆ ಅದೇ ಉತ್ತರ.

ಲಿನ್ ವಿಕ್ಟೋರಿಯಾ ರಾಣಿಗೂ ಪತ್ರ ಬರೆದ. ನಿಮ್ಮ ದೇಶದಲ್ಲಿ ಅಫೀಮು ನಿಷಿದ್ಧವೆಂದು ಕೇಳಿದ್ದೇನೆ, ನಿಮಗೆ ಕೆಡುಕಾದದ್ದನ್ನು ಪರರಿಗೆ ಮಾರುವುದು ಯಾವ ನ್ಯಾಯ ಎಂಬುದು ಅದರ ಸಾರ. ಅವನಿಗೆ ಸಿಕ್ಕ ಮಾಹಿತಿ ತಪ್ಪಾಗಿತ್ತು. ಆಗಿನ ಇಂಗ್ಲೆಂಡಿನಲ್ಲಿ ಅಫೀಮು ದಿನಸಿ ಅಂಗಡಿಯಲ್ಲೂ ಸಿಗುತ್ತಿತ್ತು, ಅಳುವ ಕೂಸಿಗೂ ಅದರ ದ್ರಾವಣ ಕುಡಿಸುತ್ತಿದ್ದರು. 1868ರ ಫಾರ್ಮಸಿ ಕಾಯ್ದೆಯವರೆಗೆ ಮಾರಾಟಕ್ಕೆ ಕಡಿವಾಣವಿರಲಿಲ್ಲ. ಪತ್ರವನ್ನು ವಿದೇಶಾಂಗ ಕಚೇರಿ ಸ್ವೀಕರಿಸಲಿಲ್ಲ, ಪತ್ರಿಕೆಯಲ್ಲಿ ಮಾತ್ರ ಅಚ್ಚಾಯಿತು.

ಲಂಡನ್: ಹಣ ಎಲ್ಲಿಂದ?

1839ರ ಅಕ್ಟೋಬರ್ 1ರಂದು ವಿಂಡ್ಸರ್‌ನಲ್ಲಿ ಮಂತ್ರಿಮಂಡಲ ಸೇರಿತು. ಅದಕ್ಕೆ ಕೆಲವೇ ದಿನ ಮುಂಚೆ ಪಾಮರ್ಸ್ಟನ್ ಅಫೀಮು ವ್ಯಾಪಾರದ ದೈತ್ಯ ವಿಲಿಯಂ ಜಾರ್ಡೀನ್‌ನನ್ನು ಭೇಟಿಯಾಗಿ ಚೀನೀ ಕರಾವಳಿಯ ನಕ್ಷೆ, ಬೇಕಾಗುವ ಹಡಗುಗಳ ಲೆಕ್ಕ ಕೇಳಿಕೊಂಡಿದ್ದ. ಸಭೆಯ ಮುಂದೆ ಇದ್ದದ್ದು ಒಂದು ಗಂಟು. ವರ್ತಕರು ಎಲಿಯಟ್‌ನ ರಸೀದಿ ಹಿಡಿದು ಹಣ ಕೇಳುತ್ತಾರೆ. ಬಜೆಟ್ಟಿನಲ್ಲಿ ಆಗಲೇ ಕೊರತೆ. ಕಳ್ಳಸಾಗಣೆಯ ಮಾಲಿಗೆ ಪರಿಹಾರ ಕೊಡಿ ಎಂದು ಸಂಸತ್ತನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯಂತೂ ಕೊಡಲಾರದು. ಉಳಿದದ್ದು ಚೀನಾದಿಂದಲೇ ವಸೂಲು ಮಾಡುವ ದಾರಿ. ಭಾರತದಿಂದ ಹಿಂದಿರುಗಿ ಆಗಷ್ಟೇ ಯುದ್ಧ ಖಾತೆಗೆ ಬಂದಿದ್ದ ಮೆಕಾಲೆ ಅದಕ್ಕೆ ಬಲವಾಗಿ ನಿಂತ. ಪಡೆ ಕಳಿಸುವುದೆಂದು ತೀರ್ಮಾನವಾಯಿತು. ಸಂಸತ್ತನ್ನು ಕೇಳಲಿಲ್ಲ.

ಆರು ತಿಂಗಳ ಮೇಲೆ ಗ್ರಹಾಂ ತನ್ನ ನಿರ್ಣಯ ತಂದಾಗ, ಅವನು ಅಫೀಮಿನ ಮೇಲೆ ನೇರವಾಗಿ ಏಕೆ ಬೀಳಲಿಲ್ಲ? ಕಾರಣ ದಾಖಲೆಯಲ್ಲೇ ಇದೆ. 1832ರಲ್ಲಿ ಕಾಮನ್ಸ್‌ನದೇ ಸಮಿತಿ, ಬಂಗಾಳದ ಅಫೀಮು ಏಕಸ್ವಾಮ್ಯದಂಥ ಮುಖ್ಯ ಆದಾಯವನ್ನು ಬಿಟ್ಟುಕೊಡುವುದು ಉಚಿತವಲ್ಲ ಎಂದು ವರದಿ ಕೊಟ್ಟಿತ್ತು. ಚೀನಾ ವ್ಯಾಪಾರವನ್ನು ಮುಕ್ತಗೊಳಿಸಿದ 1833ರ ಶಾಸನದ ಕಾಲಕ್ಕೆ ಗ್ರಹಾಂ ಸ್ವತಃ ಮಂತ್ರಿಮಂಡಲದಲ್ಲಿದ್ದ, ನೌಕಾಖಾತೆಯ ಮುಖ್ಯಸ್ಥನಾಗಿ. ಅಫೀಮನ್ನು ಪಾಪವೆಂದು ನಿರ್ಣಯದಲ್ಲಿ ಬರೆದರೆ ಎರಡೂ ಪಕ್ಷದ ಮುಖಕ್ಕೆ ಮಸಿ. ಯುದ್ಧವನ್ನೇ ವಿರೋಧಿಸಿದರೆ ದೇಶದ ಮಾನದ ಮಾತು ಬರುತ್ತದೆ, ಸ್ವಪಕ್ಷದವರೇ ಕೈಬಿಡುತ್ತಾರೆ. ಹಾಗಾಗಿ ಆಡಳಿತದ ಎಡವಟ್ಟನ್ನಷ್ಟೇ ಹಿಡಿದರು. ಹೆಚ್ಚು ಮತ ಗಳಿಸಲು ಮೊನೆ ಮೊಂಡು ಮಾಡಿದ ಬಾಣ ಅದು.

ಆ ಚೌಕಟ್ಟನ್ನು ಮುರಿದು ಮಾತಾಡಿದವನು ಮುಂದೆ ಪ್ರಧಾನಿಯಾಗಲಿದ್ದ ಗ್ಲ್ಯಾಡ್‌ಸ್ಟನ್, ಆಗ 30ರ ಪ್ರಾಯದ ವಿರೋಧ ಪಕ್ಷದ ಸದಸ್ಯ. ಮೂಲದಲ್ಲಿ ಇದಕ್ಕಿಂತ ಅನ್ಯಾಯವಾದ, ಈ ದೇಶಕ್ಕೆ ಇದಕ್ಕಿಂತ ಶಾಶ್ವತ ಕಳಂಕ ತರುವ ಯುದ್ಧವನ್ನು ತಾನು ಕಂಡಿಲ್ಲ, ಓದಿಲ್ಲ ಎಂದ. ಮೆಕಾಲೆ ಕೋಠಿಯ ಮೇಲೆ ಎಲಿಯಟ್ ಏರಿಸಿದ ಬಾವುಟವನ್ನು ಕೊಂಡಾಡಿದ್ದಕ್ಕೆ, ಆ ಬಾವುಟ ಹಾರಿದ್ದು ನೀಚ ಕಳ್ಳವ್ಯಾಪಾರದ ರಕ್ಷಣೆಗೆ ಎಂದು ಉತ್ತರಿಸಿದ. ಆದರೆ ಅದೇ ಭಾಷಣದಲ್ಲಿ, ಚೀನೀಯರು ಬಾವಿಗೆ ವಿಷ ಹಾಕಿದರೆಂಬ ಸುದ್ದಿಗೆ ಸಮಜಾಯಿಷಿ ಕೊಡಲು ಹೋಗಿ ಜಾರಿದ. ಪಾಮರ್ಸ್ಟನ್ ಅದನ್ನು ಹಿಡಿದು ಗೇಲಿ ಮಾಡಿದ, ವಾದದ ತೂಕ ಅರ್ಧ ಇಳಿಯಿತು.

ಎದುರು ಕಡೆಯ ವಾದಗಳು ಬಲಹೀನವಾಗಿರಲಿಲ್ಲ, ಅದನ್ನು ಒಪ್ಪಲೇಬೇಕು. ಹುಡುಗನಾಗಿದ್ದಾಗಲೇ ಬ್ರಿಟಿಷ್ ರಾಯಭಾರಿ ಮಕಾರ್ಟ್ನಿಯ ನಿಯೋಗದ ಜೊತೆ ಚೀನಾಕ್ಕೆ ಹೋಗಿ ಚೀನೀ ಭಾಷೆ ಕಲಿತ, ಚೀನಾವನ್ನು ಆಳುತ್ತಿದ್ದ ಚಿಂಗ್ ವಂಶದ ದಂಡಸಂಹಿತೆಯನ್ನು ಇಂಗ್ಲಿಷಿಗೆ ತಂದ ಜಾರ್ಜ್ ಸ್ಟಾಂಟನ್ ಸಭೆಯಲ್ಲಿದ್ದ. ಅಫೀಮು ವ್ಯಾಪಾರ ತನಗೆ ಒಪ್ಪಿಗೆಯಿಲ್ಲ, ಆದರೂ ಈ ಯುದ್ಧ ನ್ಯಾಯವಾದದ್ದು ಎಂದ. ವರ್ಷಗಟ್ಟಲೆ ಅಧಿಕಾರಿಗಳೇ ಲಂಚ ತಿಂದು ಬಿಟ್ಟುಕೊಂಡು ಬಂದದ್ದಕ್ಕೆ ಒಮ್ಮೆಗೇ ಇಂಥ ಬಿಗಿ ಸರಿಯೇ ಎಂಬ ಆಕ್ಷೇಪ ಸಭೆಯಲ್ಲಿ ಅನೇಕರಿಗೆ ನಾಟಿತು. ಪಾಮರ್ಸ್ಟನ್‌ನ ವಾದ ಇನ್ನೂ ಚುರುಕು: ಭಾರತದಲ್ಲಿ ಗಸಗಸೆ ನಿಲ್ಲಿಸಿದರೆ ತುರ್ಕಿ, ಪರ್ಷಿಯಾ ಬೆಳೆಯುತ್ತವೆ. ಚೀನೀಯರಿಗೆ ನಿಜವಾಗಿ ನೀತಿಯ ಚಿಂತೆಯಿದ್ದರೆ ತಮ್ಮ ನೆಲದ ಗಸಗಸೆ ಕೀಳಲಿ. ಅವರದು ಬೆಳ್ಳಿ ಹೊರಹೋಗುವ ಚಿಂತೆ, ತಮ್ಮ ಬೆಳೆಗಾರರನ್ನು ಕಾಯುವ ಚಿಂತೆ, ಅಷ್ಟೇ.

ಬೀಜಿಂಗಿನ ಪತ್ರಗಳನ್ನು ಓದಿದವರಿಗೆ ಕೊನೆಯ ಮಾತು ಅರ್ಧಸತ್ಯ ಎಂದು ತಿಳಿಯುತ್ತದೆ. ಬೆಳ್ಳಿಯ ಚಿಂತೆ ಇತ್ತು, ಚಟದ ಚಿಂತೆಯೂ ಇತ್ತು. ಒಂದು ದೇಶ ತನ್ನ ಹಣದ ಹಿತಕ್ಕೂ ಜನದ ಹಿತಕ್ಕೂ ಒಟ್ಟಿಗೆ ಕಾನೂನು ಮಾಡಿದರೆ ಅದರ ನೈತಿಕ ಬಲ ಕುಂದುವುದಿಲ್ಲ. ಬ್ರಿಟನ್ ಅದೇ ಹೊತ್ತಿನಲ್ಲಿ ತನ್ನ ರೈತರನ್ನು ಕಾಯಲು ಹೊರಗಿನ ಧಾನ್ಯಕ್ಕೆ ಸುಂಕ ಹಾಕಿಕೊಂಡೇ ಇತ್ತು.

ಯುದ್ಧ

1840ರ ಜುಲೈ 5ರಂದು ಚೀನಾದ ಪೂರ್ವ ಕರಾವಳಿಯ ಚೂಸಾನ್ ದ್ವೀಪ ಬ್ರಿಟಿಷರ ಕೈಗೆ ಬಿತ್ತು. ಅಲ್ಲಿ ಬೀಡುಬಿಟ್ಟ ಪಡೆಯಲ್ಲಿ ವರ್ಷ ಮುಗಿಯುವುದರೊಳಗೆ ಸುಮಾರು 450 ಮಂದಿ ಜ್ವರ, ಭೇದಿ, ಕೆಟ್ಟ ಆಹಾರದಿಂದ ಸತ್ತರು. ಚೀನೀ ಗುಂಡಿಗೆ ಬಲಿಯಾದವರು ಇದರ ಮುಂದೆ ಲೆಕ್ಕಕ್ಕಿಲ್ಲ. ನದಿಯುದ್ಧದ ಸ್ವರೂಪ ಬದಲಿಸಿದ್ದು ‘ನೆಮೆಸಿಸ್’ ಎಂಬ ಕಬ್ಬಿಣದ ಉಗಿಹಡಗು. ಚಪ್ಪಟೆ ತಳ, ಆರು ಅಡಿ ನೀರಿದ್ದರೆ ಸಾಕು. ಗಾಳಿ ಇರಲಿ ಬಿಡಲಿ, ಹಾಯಿಹಡಗುಗಳನ್ನು ಕಟ್ಟಿ ಎಳೆಯುತ್ತಿತ್ತು.

ಭಾರತದ ಸಿಪಾಯಿಗಳು ಆರಂಭದಿಂದಲೂ ಅಲ್ಲಿದ್ದರು. 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿ ಮದ್ರಾಸ್ ಪ್ರೆಸಿಡೆನ್ಸಿಯ ಸೈನ್ಯ. ನಮ್ಮ ಬಳ್ಳಾರಿ, ಕೆನರಾ ಜಿಲ್ಲೆಗಳೂ ಆಗ ಅದೇ ಪ್ರೆಸಿಡೆನ್ಸಿಯಲ್ಲಿದ್ದವು. 1841ರ ಮೇ ಕೊನೆಯಲ್ಲಿ ಕ್ಯಾಂಟನ್‌ನ ಹೊರಗೆ ಸಾನ್‌ಯುವಾನ್‌ಲಿ ಬಳಿ ಹಳ್ಳಿಗರು ಸಾವಿರಗಟ್ಟಲೆ ಈಟಿ, ಗುದ್ದಲಿ ಹಿಡಿದು ಮುತ್ತಿದಾಗ, ಈ ರೆಜಿಮೆಂಟಿನ 60 ಸಿಪಾಯಿಗಳ ತುಕಡಿ ಮಳೆಯಲ್ಲಿ ದಾರಿ ತಪ್ಪಿತು. ಅವರದು ಚಕಮಕಿ ಕಲ್ಲಿನ ಬಂದೂಕು. ಮದ್ದು ನೆನೆದು ಒಂದೂ ಹಾರಲಿಲ್ಲ. ಬಯೊನೆಟ್ ಚಾಚಿ ಸುತ್ತ ನಿಂತು ಕತ್ತಲವರೆಗೆ ತಡೆದುಕೊಂಡರು. ಮಳೆಯಲ್ಲೂ ಹಾರುವ, ತೊಪ್ಪಿ ಸಿಡಿಯುವ ಹೊಸ ಬಂದೂಕಿದ್ದ ಬ್ರಿಟಿಷ್ ಮರೀನುಗಳು ಬಂದು ಬಿಡಿಸಿದರು. ಹೊಸ ಬಂದೂಕು ಯಾರ ಕೈಗೆ, ಹಳೆಯದು ಯಾರ ಕೈಗೆ ಎಂಬುದನ್ನೂ ಗಮನಿಸಬೇಕು.

ಒಪ್ಪಂದದಲ್ಲಿ ಬಂದ ಒಂದು ಪದ

ಯುದ್ಧ ನಡೆದಿರುವಾಗಲೇ, 1841ರ ಆಗಸ್ಟ್ ಕೊನೆಗೆ, ಲಂಡನ್ನಿನಲ್ಲಿ ಸರ್ಕಾರ ಬದಲಾಯಿತು. ಪೀಲ್ ಪ್ರಧಾನಿ. ನಿರ್ಣಯ ಮಂಡಿಸಿದ್ದ ಗ್ರಹಾಂ ಗೃಹಮಂತ್ರಿ. ಗ್ಲ್ಯಾಡ್‌ಸ್ಟನ್ ವ್ಯಾಪಾರ ಮಂಡಳಿಯ ಉಪಾಧ್ಯಕ್ಷ. ಹಿಂದಿನ ವರ್ಷ 262ರಲ್ಲಿ ಕೈ ಎತ್ತಿದವರ ಕೈಗೇ ಯುದ್ಧ ಬಂತು. ಅವರು ಅದನ್ನು ನಿಲ್ಲಿಸಲಿಲ್ಲ, ಹೆಚ್ಚಿನ ಪಡೆ ಕಳಿಸಿದರು. ಆಡಳಿತದ ಎಡವಟ್ಟಿಗಷ್ಟೇ ಮತ ಹಾಕಿದ್ದವರಿಗೆ ಯುದ್ಧ ಮುಂದುವರಿಸಲು ಮಾತಿನ ಅಡ್ಡಿಯೂ ಇರಲಿಲ್ಲ. ನಿರ್ಣಯದ ಪದಗಳನ್ನು ಮೊಂಡು ಮಾಡಿದ್ದರ ಬೆಲೆ ಇಲ್ಲಿ ತೆರಬೇಕಾಯಿತು, ತೆತ್ತವರು ಚೀನೀಯರು. 1842ರ ಜುಲೈನಲ್ಲಿ ಝೆನ್‌ಜಿಯಾಂಗ್ ಬಿದ್ದಾಗ ಅಲ್ಲಿದ್ದ ಮಂಚೂ (ಚಿಂಗ್ ಅರಸರ ಜನಾಂಗದ) ಕುಟುಂಬಗಳು ಹೆಂಡತಿ ಮಕ್ಕಳನ್ನು ಕೊಂದು ತಾವೂ ಸತ್ತದ್ದನ್ನು ಕಂಡ ಬ್ರಿಟಿಷ್ ಅಧಿಕಾರಿಗಳೇ ನಡುಗಿ ಬರೆದಿದ್ದಾರೆ.

ಆಗಸ್ಟ್ 29ರಂದು ನಾನ್‌ಜಿಂಗ್‌ನಲ್ಲಿ ಒಪ್ಪಂದ. ಹಾಂಗ್‌ಕಾಂಗ್ ಬ್ರಿಟನ್ನಿಗೆ, ಐದು ಬಂದರು ಮುಕ್ತ, 2.1 ಕೋಟಿ ಡಾಲರ್ ಪರಿಹಾರ: 1.2 ಕೋಟಿ ಯುದ್ಧದ ಖರ್ಚು, 30 ಲಕ್ಷ ಹಾಂಗ್ ವರ್ತಕರ ಸಾಲ, 60 ಲಕ್ಷ ಅಫೀಮಿನ ಬೆಲೆ. ಅಫೀಮು ಎಂಬ ಪದ ಬರುವುದು ನಾಲ್ಕನೇ ವಿಧಿಯಲ್ಲಿ. ಅಲ್ಲಿ ಅದನ್ನು ವ್ಯಾಪಾರದ ಸರಕು ಎನ್ನುವುದಿಲ್ಲ. ರಾಣಿಯ ಅಧೀಕ್ಷಕನ ಮತ್ತು ಪ್ರಜೆಗಳ ಜೀವಕ್ಕೆ ತೆತ್ತ ‘ಒತ್ತೆಹಣ’ ಎನ್ನುತ್ತದೆ. ಕೋಠಿಯಲ್ಲಿ ತಾವೇ ಅನ್ನ ಬೇಯಿಸಿಕೊಂಡು ಕೂತ ಆ ಆರೇಳು ವಾರಗಳು ಒಪ್ಪಂದದಲ್ಲಿ ಪ್ರಾಣಾಪಾಯವಾದವು, ಕಳ್ಳಮಾಲು ಪ್ರಾಣದ ಬೆಲೆಯಾಯಿತು. ಅಫೀಮು ಕಾನೂನುಬದ್ಧವೋ ಅಲ್ಲವೋ ಎಂಬ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ದಂಧೆ ಹಿಂದಿನಂತೆಯೇ ನಡೆಯಿತು, ಬೆಳೆಯಿತು.

1843ರ ಏಪ್ರಿಲ್‌ನಲ್ಲಿ ಕಾಮನ್ಸ್ ಸದಸ್ಯ ಲಾರ್ಡ್ ಆಶ್ಲಿ ಕೊನೆಗೂ ನೇರ ನಿರ್ಣಯ ತಂದ: ಅಫೀಮು ವ್ಯಾಪಾರವೂ ಭಾರತದಲ್ಲಿ ಅದರ ಏಕಸ್ವಾಮ್ಯವೂ ಕ್ರೈಸ್ತ ರಾಜ್ಯವೊಂದರ ಗೌರವ, ಕರ್ತವ್ಯಗಳಿಗೆ ಸಲ್ಲದು. ಮಾತುಕತೆ ನಡೆದಿದೆ, ಕೆಡಿಸಬೇಡಿ ಎಂದು ಪೀಲ್ ಕೇಳಿಕೊಂಡ. ಆಶ್ಲಿ ನಿರ್ಣಯ ಹಿಂತೆಗೆದುಕೊಂಡ. ಮತ್ತೆ ಮತದಾನವಿಲ್ಲ.

ಕಾರಣ ಯಾವುದು?

ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ 1841ರಲ್ಲಿ, ಬಾಸ್ಟನ್ ಬಂದರಿಗೆ ಚಹಾ ಎಸೆದದ್ದು ಅಮೆರಿಕದ ಕ್ರಾಂತಿಗೆ ಎಷ್ಟು ಕಾರಣವೋ ಅಫೀಮು ಈ ಯುದ್ಧಕ್ಕೆ ಅಷ್ಟೇ ಕಾರಣ, ನಿಜವಾದ ಕಾರಣ ಚೀನಾ ಇತರರಿಂದ ಸಾಷ್ಟಾಂಗ ಬಯಸುವುದು ಎಂದು ಉಪನ್ಯಾಸ ಕೊಟ್ಟ. ಮುಕ್ತ ವ್ಯಾಪಾರದ ಹಸಿವು, ಸಮಾನ ದೇಶಗಳ ರಾಜತಾಂತ್ರಿಕತೆ, ಮ್ಯಾಂಚೆಸ್ಟರಿನ ಬಟ್ಟೆಗೆ ಮಾರುಕಟ್ಟೆ: ಈ ಧಾಟಿಯ ವಿವರಣೆಗಳು ಈಗಲೂ ಇವೆ. ಇವೆಲ್ಲ ಇದ್ದವು ನಿಜ. ಆದರೆ 1816ರಲ್ಲಿ ಬ್ರಿಟಿಷ್ ರಾಯಭಾರಿ ಆಮ್ಹರ್ಸ್ಟ್‌ನ ನಿಯೋಗ ಸಾಷ್ಟಾಂಗದ ತಕರಾರಿನಿಂದಲೇ ಬರಿಗೈಲಿ ಮರಳಿತು, 1834ರಲ್ಲಿ ಬ್ರಿಟಿಷ್ ವ್ಯಾಪಾರ ಅಧೀಕ್ಷಕ ನೇಪಿಯರ್ ಕ್ಯಾಂಟನ್‌ನಲ್ಲಿ ಅವಮಾನ ಉಂಡು ಜ್ವರದಿಂದ ಸತ್ತ. ಆಗ ಯುದ್ಧವಾಗಲಿಲ್ಲ. 1839ರಲ್ಲಿ ಆಯಿತು. ಹೊಸದಾಗಿ ಸೇರಿದ್ದು ಬ್ರಿಟಿಷ್ ಸರ್ಕಾರದ ಹೆಸರಲ್ಲಿದ್ದ 20 ಲಕ್ಷ ಪೌಂಡಿನ ಸಾಲ, ಜೊತೆಗೆ ಅಫೀಮು ನಿಂತರೆ ಚಹಾ, ಹುಂಡಿ, ಭಾರತದ ಆದಾಯ ಒಟ್ಟಿಗೆ ಕುಸಿಯುವ ಭಯ. ಶತಮಾನದ ನಡುಹೊತ್ತಿಗೆ ಬ್ರಿಟಿಷ್ ಇಂಡಿಯಾದ ಆದಾಯದಲ್ಲಿ ಸುಮಾರು ಏಳನೇ ಒಂದು ಪಾಲು ಅಫೀಮಿನದೇ ಆಗಿತ್ತು. ಮಾನದ ಮಾತು ಯುದ್ಧಕ್ಕೆ ನಾಲಿಗೆ ಕೊಟ್ಟಿತು, ಸಾಲ ಅದಕ್ಕೆ ದಿನಾಂಕ ಗೊತ್ತು ಮಾಡಿತು.

ಆಮೇಲೆ

ಎರಡನೇ ಅಫೀಮು ಯುದ್ಧದ ನಡುವೆ, 1858ರಲ್ಲಿ, ಅಫೀಮು ಪಿಕಲ್‌ಗೆ (ಸುಮಾರು 60 ಕಿಲೋ) 30 ತೈಲ್ ಸುಂಕದ ಮೇಲೆ ಕಾನೂನುಬದ್ಧವಾಯಿತು. ಬೆಳ್ಳಿಯಾದರೂ ಒಳಗೆ ಉಳಿಯಲಿ ಎಂದು ಚೀನಾದ ಪ್ರಾಂತಗಳೇ ಗಸಗಸೆ ಬೆಳೆಯತೊಡಗಿ, ಶತಮಾನದ ಕೊನೆಗೆ ಆಮದಿನ ಹಲವು ಪಟ್ಟು ಅಲ್ಲೇ ಬೆಳೆಯುತ್ತಿತ್ತು. ಭಾರತ–ಚೀನಾ ಅಫೀಮು ವ್ಯಾಪಾರ ನೈತಿಕವಾಗಿ ಸಮರ್ಥಿಸಲಾಗದ್ದು ಎಂಬ ನಿರ್ಣಯವನ್ನು ಕಾಮನ್ಸ್ ಅಂಗೀಕರಿಸಿದ್ದು 1906ರ ಮೇ 30ರಂದು. ಮುಂದಿನ ವರ್ಷ, ಭಾರತ ವರ್ಷಕ್ಕೆ ಹತ್ತನೇ ಒಂದರಂತೆ ರಫ್ತು ಇಳಿಸುವುದು, ಚೀನಾ ತನ್ನ ಬೆಳೆಯನ್ನು ಇಳಿಸುವುದು ಎಂಬ ಒಪ್ಪಂದ. 1913ರಲ್ಲಿ ಚೀನಾಕ್ಕೆ ಭಾರತದ ಮಾರಾಟ ನಿಂತಿತು. ಶಾಂಘೈನ ವರ್ತಕರ ಗೋದಾಮಿನಲ್ಲಿ ಆಗಲೂ ಭಾರತದ ಪೆಟ್ಟಿಗೆಗಳು ಉಳಿದಿದ್ದವು. ಕೊನೆಯ ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು 1919ರ ಜನವರಿಯಲ್ಲಿ ನದಿಯಾಚೆಯ ಪುಡೊಂಗ್‌ನಲ್ಲಿ ಸುಟ್ಟರು. ಸುಡುವ ಮೊದಲು ಚೀನಾ ಸರ್ಕಾರ ಅವನ್ನು ವರ್ತಕರಿಂದ ಬೆಲೆ ಕೊಟ್ಟು ಕೊಂಡಿತ್ತು.